ನೂರು ಎಂಬಿಪಿಎಸ್ ಇದ್ದರೂ ವಿಡಿಯೋ ಕಾಲ್ ಕಟ್ ಕಟ್ ಆಗುವುದೇಕೆ?

ವಿಡಿಯೋ ಕಾಲ್‌ನಲ್ಲಿ ವಾಯ್ಸ್ ಒಡೆಯತೊಡಗಿದರೆ ಜನ ಆ್ಯಪ್ ಬದಲಿಸುತ್ತಾರೆ, ಇಲ್ಲವೇ 50 ಎಂಬಿಪಿಎಸ್ ಪ್ಲಾನನ್ನು 150ಕ್ಕೆ ಏರಿಸುತ್ತಾರೆ. ಎರಡನೆಯದು ಹೆಚ್ಚಿನ ಮನೆಗಳಲ್ಲಿ ದಂಡದ ಖರ್ಚು. ಇಬ್ಬರ ನಡುವಿನ 720ಪಿ ವಿಡಿಯೋಗೆ ಝೂಮ್ ಕೇಳುವುದು ಹೋಗಲು, ಬರಲು ತಲಾ 1.2 ಎಂಬಿಪಿಎಸ್. ಬರೀ ಮಾತಿಗೆ 60ರಿಂದ 80 ಕೆಬಿಪಿಎಸ್ ಸಾಕು. ಕಾಲ್‌ಗೆ ಬೇಕಾದದ್ದು ಹೆಚ್ಚು ಡೇಟಾ ಅಲ್ಲ, ಹೊತ್ತಿಗೆ ಸರಿಯಾಗಿ ಬರುವ ಡೇಟಾ.

ಮಾತನ್ನು ಆ್ಯಪ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಕಳುಹಿಸುತ್ತದೆ. ಒಂದೆರಡು ಕಳೆದುಹೋದರೆ ಆಚೆಯ ಫೋನ್ ಅಂದಾಜಿನಿಂದ ತುಂಬಿಕೊಳ್ಳುತ್ತದೆ. ಸಾಲಾಗಿ ಏಳೆಂಟು ಹೋದರೆ ಅಥವಾ ತಡವಾಗಿ ಬಂದರೆ ರೋಬೋಟ್ ದನಿ ಕೇಳುತ್ತದೆ, ಪದಗಳೇ ಮಾಯವಾಗುತ್ತವೆ. ಯೂಟ್ಯೂಬ್ ಮುಂಚಿತವಾಗಿ ಒಂದಷ್ಟು ವಿಡಿಯೋ ತುಂಬಿಟ್ಟುಕೊಳ್ಳಬಹುದು. ಇನ್ನೂ ಆಡದ ಮಾತನ್ನು ಯಾರೂ ತುಂಬಿಟ್ಟುಕೊಳ್ಳಲಾರರು. ಅದಕ್ಕೇ ಸಿನಿಮಾ ಸಲೀಸಾಗಿ ಓಡುವ ಮನೆಯಲ್ಲೇ ಕಾಲ್ ಒದ್ದಾಡುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮಾತು ತಲುಪಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. 400 ದಾಟಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತಾರೆ.

ತಡವಾಗುವುದಕ್ಕೆ ಯಾರೂ ಗಮನಿಸದ ಕಾರಣ ಅಪ್‌ಲೋಡ್. ನಿಮ್ಮ ಅಪ್‌ಲೋಡ್ 4 ಎಂಬಿಪಿಎಸ್ ಎಂದುಕೊಳ್ಳಿ. ಮನೆಯವರ ಫೋನ್ ಮದುವೆಯ ಫೋಟೋಗಳನ್ನು ಬ್ಯಾಕಪ್‌ಗೆ ಹಾಕತೊಡಗಿದೆ. ರೌಟರ್‌ನಲ್ಲಿ 500 ಕೆಬಿಯಷ್ಟು ಡೇಟಾ ಸರದಿ ನಿಂತರೆ ಅದು ಹೊರಗೆ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು. ನಿಮ್ಮ ಮಾತಿನ ಪ್ಯಾಕೆಟ್ ಆ ಸಾಲಿನ ಹಿಂದೆ ನಿಲ್ಲಬೇಕು. ನಿಮಗೆ ಆಚೆಯವರ ಮಾತು ಚೆನ್ನಾಗಿ ಕೇಳಿಸುತ್ತಿದ್ದು, ಅವರು ಮಾತ್ರ ‘ನಿಮ್ದು ಕೇಳಿಸ್ತಿಲ್ಲ’ ಅನ್ನುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಫೋಟೋ ಬ್ಯಾಕಪ್, ಲ್ಯಾಪ್‌ಟಾಪಿನ ಕ್ಲೌಡ್ ಸಿಂಕ್, ಹಗಲಿಡೀ ಕ್ಲೌಡ್‌ಗೆ ವಿಡಿಯೋ ಕಳಿಸುವ ಸಿಸಿಟಿವಿ ಕ್ಯಾಮೆರಾ, ಈ ಮೂರನ್ನು ನಿಲ್ಲಿಸಿ ನೋಡಿ. ರೌಟರ್‌ನಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಥವಾ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ನಿರ್ಧರಿಸುವ ಸೆಟ್ಟಿಂಗ್) ಇದ್ದರೆ ಒಟ್ಟು ಅಪ್‌ಲೋಡನ್ನು ಅಳೆದ ವೇಗದ 85–90 ಶೇಕಡಾಕ್ಕೆ ಕಟ್ಟಿಹಾಕಿ. ವೇಗ ಸ್ವಲ್ಪ ಕಳೆದುಕೊಂಡರೂ ಸರದಿ ಬೆಳೆಯುವುದಿಲ್ಲ.

ಅಪ್‌ಲೋಡ್ ಖಾಲಿಯಿದ್ದೂ ತೊಂದರೆ ಇದ್ದರೆ ಅದು ವೈಫೈನದೋ ಹೊರಗಿನ ಲೈನ್‌ನದೋ ಎಂದು ಬೇರ್ಪಡಿಸಬೇಕು. ವಿಂಡೋಸ್ ಲ್ಯಾಪ್‌ಟಾಪನ್ನು ನೀವು ಕಾಲ್ ಮಾಡುವ ಜಾಗದಲ್ಲೇ ಇಟ್ಟು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ರೌಟರ್‌ನ ವಿಳಾಸ ಹಾಕಿ (ಹಲವು ಮನೆಗಳಲ್ಲಿ 192.168.1.1), ಮತ್ತೆ ಜಾಗ ಬಿಟ್ಟು ಹೈಫನ್ ಹಾಗೂ ಟಿ ಅಕ್ಷರ ಸೇರಿಸಿ. ಇನ್ನೊಂದು ಕಿಟಕಿಯಲ್ಲಿ ಇದನ್ನೇ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ನ ವಿಳಾಸ 8.8.8.8ಕ್ಕೆ ಮಾಡಿ. ಐದು ನಿಮಿಷ ಓಡಲಿ. ರೌಟರ್‌ನಿಂದ ಉತ್ತರ ಬರುವ ಹೊತ್ತು 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ನಿಂತಿರಬೇಕು. ಅದೇ 100, 200ಕ್ಕೆ ಜಿಗಿಯುತ್ತಿದ್ದರೆ ದೋಷ ಮನೆಯೊಳಗಿನ ವೈಫೈನದು, ಕಂಪನಿಯವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ರೌಟರ್ ಸ್ಥಿರವಾಗಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ಆ ಪರದೆಯ ಫೋಟೋ ತೆಗೆದು ದೂರು ಕೊಡಿ. ‘ಸ್ಪೀಡ್ ಟೆಸ್ಟ್ ಸರಿಯಿದೆಯಲ್ಲ’ ಎಂದು ಅವರು ಜಾರಿಕೊಳ್ಳುವುದಕ್ಕೆ ಆಗ ಜಾಗವಿರುವುದಿಲ್ಲ.

ವೈಫೈನ ದೋಷವಾದರೆ ಮೊದಲು ರೌಟರನ್ನು ಟಿವಿ ಶೋಕೇಸಿನ ಹಿಂದಿನಿಂದ ಹೊರಗೆ ತನ್ನಿ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ಹತ್ತಾರು ರೌಟರ್‌ಗಳು ಅವನ್ನೇ ಹಂಚಿಕೊಂಡಿರುತ್ತವೆ. ರೌಟರ್ ಇರುವ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್‌ಗೆ ಸೇರಿಕೊಳ್ಳಿ. ಆದರೆ ಅದು ಆರ್‌ಸಿಸಿ ಸ್ಲ್ಯಾಬನ್ನಾಗಲಿ ಕರಾವಳಿ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಯನ್ನಾಗಲಿ ಸುಲಭವಾಗಿ ದಾಟದು. ಮಹಡಿಗೆ ಅಗ್ಗದ ರಿಪೀಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ: ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಹೇಳುವ ಸಾಧನ ವೇಗವನ್ನು ಸುಮಾರು ಅರ್ಧಕ್ಕಿಳಿಸಿ, ತಡವನ್ನು ಹೆಚ್ಚಿಸುತ್ತದೆ. ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ (100 ಮೀಟರ್‌ವರೆಗೂ ನಡೆಯುತ್ತದೆ), ಹಳೆಯ ರೌಟರನ್ನೇ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಇಂಟರ್ನೆಟನ್ನು ವೈಫೈ ಆಗಿ ಹಂಚುವ ಸಾಧನ) ಮಾಡಿ. ಅದರ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಕೊಡುವ ವ್ಯವಸ್ಥೆ) ಆಫ್ ಮಾಡಲು ಮರೆತರೆ ಎರಡೂ ರೌಟರ್‌ಗಳು ವಿಳಾಸ ಹಂಚತೊಡಗಿ ಹೊಸ ಗೋಳು ಶುರುವಾಗುತ್ತದೆ.

ಇನ್ನು ಪ್ರತಿಧ್ವನಿ. ನಿಮ್ಮ ದನಿಯೇ ನಿಮಗೆ ಮರಳಿ ಕೇಳಿಸಿದರೆ ದೋಷ ಆಚೆಯವರ ಕಡೆ: ಅವರ ಸ್ಪೀಕರ್‌ನಿಂದ ಹೊರಟ ನಿಮ್ಮ ಮಾತು ಅವರ ಮೈಕ್‌ಗೆ ಹೋಗುತ್ತಿದೆ. ಇಯರ್‌ಫೋನ್ ಹಾಕಬೇಕಾದವರು ಅವರು. ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಹಾಡು ಇಂಪಾಗಿದ್ದು ಕಾಲ್ ಮಾತ್ರ ಮಂಕಾಗಿದ್ದರೆ ಬಡ್ಸ್ ಕೆಟ್ಟಿಲ್ಲ. ಮೈಕ್ ಶುರುವಾದೊಡನೆ ಹಲವು ಬಡ್ಸ್ ಕಡಿಮೆ ಗುಣಮಟ್ಟದ ಮೋಡ್‌ಗೆ ಇಳಿಯುತ್ತವೆ. ಆನ್‌ಲೈನ್ ಸಂದರ್ಶನಕ್ಕೆ ವೈರ್ ಇಯರ್‌ಫೋನೇ ವಾಸಿ.

ಕಾಲ್ ರಿಂಗ್ ಆಗದೆ ಮಿಸ್ಡ್ ಕಾಲ್ ಆಗಿಯೇ ಬರುವುದು ಬೇರೆಯೇ ಕಾಯಿಲೆ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಆ್ಯಪ್‌ಗಳನ್ನು ಮಲಗಿಸುತ್ತದೆ. ಕೆಲವು ಬ್ರ್ಯಾಂಡ್‌ಗಳು ಪೂರ್ತಿ ಮುಚ್ಚಿಯೇ ಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಆಟೋಸ್ಟಾರ್ಟ್ ಇದ್ದರೆ ಆನ್ ಮಾಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೊಟ್ಟಿರಬೇಕು.

ಮಂಗಳೂರು, ಉಡುಪಿ ಕಡೆಯ ಎಷ್ಟೋ ಕುಟುಂಬಗಳು ಎದುರಿಸುವ ಇನ್ನೊಂದು ತೊಂದರೆಗೆ ಮೇಲಿನ ಯಾವ ಮದ್ದೂ ನಾಟುವುದಿಲ್ಲ. ದುಬೈಯಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್ ಮಾತ್ರ ಕೂಡುವುದಿಲ್ಲ. ಯುಎಇಯಲ್ಲಿ ಇಂಟರ್ನೆಟ್ ಕಾಲ್‌ಗೆ ಪರವಾನಗಿ ಬೇಕು. ವಾಟ್ಸ್ಆ್ಯಪ್ ಕಾಲ್‌ಗಳನ್ನು ಅಲ್ಲಿ ತಡೆಯಲಾಗಿದೆ. ಊರಿನ ಫೋನನ್ನು ಎಷ್ಟು ಸಲ ರಿಸ್ಟಾರ್ಟ್ ಮಾಡಿದರೂ ಅಷ್ಟೇ. ವಿಪಿಎನ್ (ಇಂಟರ್ನೆಟ್‌ನಲ್ಲಿ ನಮ್ಮ ಗುರುತಾದ ಐಪಿ ವಿಳಾಸವನ್ನು ಮರೆಮಾಚುವ ಆ್ಯಪ್) ಹಾಕಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಅಪರಾಧಕ್ಕಾಗಿ ಐಪಿ ವಿಳಾಸ ಮರೆಮಾಚುವವರಿಗೆ ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ಭಾರಿ ದಂಡವಿದೆ, ಹಾಗಾಗಿ ದುಡಿಯಲು ಹೋದವರನ್ನು ಆ ದಾರಿಗೆ ದೂಡಬೇಡಿ. ಬೋಟಿಮ್‌ನಂಥ ಅನುಮತಿಯಿರುವ ಆ್ಯಪನ್ನು ಅಲ್ಲಿಯವರೂ ಊರಿನವರೂ ಇಬ್ಬರೂ ಹಾಕಿಕೊಳ್ಳಬೇಕು. ಅಜ್ಜಿಗೆ ಹೊಸ ಆ್ಯಪ್ ಕಷ್ಟವೆನಿಸಿದರೆ ವಾಟ್ಸ್ಆ್ಯಪ್‌ನ ಮೈಕ್ ಗುರುತನ್ನು ಒತ್ತಿಹಿಡಿದು ವಾಯ್ಸ್ ಮೆಸೇಜ್ ಕಳಿಸಲಿ. ಅದಕ್ಕೆ ಅಲ್ಲಿ ತಡೆಯಿಲ್ಲ.