ಮೊಳಕೆ ನಿಲ್ಲುತ್ತದೆ, ಗಾಯವೂ ಮಾಯುವುದಿಲ್ಲ: ಆಲೂಗಡ್ಡೆ ಮತ್ತು ಗಾಮಾ ಕಿರಣ

1958ರಲ್ಲಿ ಸೋವಿಯತ್ ಒಕ್ಕೂಟ, ಮೊಳಕೆ ಬಾರದಂತೆ ಗಾಮಾ ಕಿರಣ ಹಾಯಿಸಿದ ಆಲೂಗಡ್ಡೆ ತಿನ್ನಲು ಒಪ್ಪಿಗೆ ಕೊಟ್ಟಿತು. 1960ರಲ್ಲಿ ಕೆನಡಾ, 1964ರಲ್ಲಿ ಅಮೆರಿಕ ಅದೇ ದಾರಿ ಹಿಡಿದವು. ಆದರೆ ಮಾಂಟ್ರಿಯಲ್ ಹತ್ತಿರ 1965ರಲ್ಲಿ ಶುರುವಾದ ಘಟಕ ಬೇಗನೆ ಬಾಗಿಲು ಹಾಕಿತು. ದಶಕಗಟ್ಟಲೆ ನಡೆದದ್ದು ಜಪಾನಿನ ಶಿಹೊರೊ ಘಟಕ.

ಕಿರಣಕ್ಕೆ ಬಳಸುವುದು ಸಾಮಾನ್ಯವಾಗಿ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ. 0.1 ಕಿಲೋಗ್ರೇ (ಗಡ್ಡೆ ಹೀರುವ ವಿಕಿರಣದ ಅಳತೆ) ಆಸುಪಾಸಿನ ಕಿರಣ ಸಾಕು, ಗಡ್ಡೆಯ ಕಣ್ಣಿನಲ್ಲಿರುವ ಜೀವಕೋಶಗಳ ಡಿಎನ್‌ಎ ಕೆಟ್ಟು ಮೊಳಕೆ ನಿಲ್ಲುತ್ತದೆ. ಹಾಗಾದ್ರೆ ಗಡ್ಡೆಯೇ ವಿಕಿರಣ ಸೂಸುತ್ತದಾ? ಇಲ್ಲ. ಈ ಕಿರಣಕ್ಕೆ ಅಷ್ಟು ಶಕ್ತಿಯಿಲ್ಲ. ಜನರ ಭಯವೆಲ್ಲ ಅಲ್ಲೇ ಸುತ್ತಿತು, ನಿಜವಾದ ತೊಡಕು ಬೇರೆ ಕಡೆ ಇತ್ತು.

ಕಿರಣ ಬಿದ್ದ ಕೂಡಲೇ ವಿಟಮಿನ್ ಸಿ ಸ್ವಲ್ಪ ಇಳಿಯುತ್ತದೆ. ಆದರೆ ಸುಮ್ನೆ ಇಟ್ಟ ಗಡ್ಡೆಯಲ್ಲೂ ಅದು ಇಳಿಯುತ್ತಲೇ ಇರುತ್ತದೆ, ಹಾಗಾಗಿ ತಿಂಗಳುಗಳು ಕಳೆದರೆ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಸಕ್ಕರೆ ಕೆಲ ದಿನ ಏರಿ ಮತ್ತೆ ಇಳಿಯುತ್ತದೆ. ಚಿಪ್ಸ್ ಮಾಡುವವರಿಗೆ ಬೇಕಾದ್ದು ಇದೇ. 2ರಿಂದ 4 ಡಿಗ್ರಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಕರಿದರೆ ಚಿಪ್ಸ್ ಕಂದಾಗುತ್ತವೆ, ಕರಿಯುವಾಗ ಹುಟ್ಟುವ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಕೂಡ ಜಾಸ್ತಿ. ಕಿರಣ ಹಾಯಿಸಿದ ಗಡ್ಡೆಯನ್ನು 15 ಡಿಗ್ರಿಯಲ್ಲೇ ಇಡಬಹುದು.

ಹಾಗಿದ್ದರೂ ಇದು ಯಾಕೆ ಎಲ್ಲೆಡೆ ಹಬ್ಬಲಿಲ್ಲ? ಅಗೆಯುವಾಗ ಗುದ್ದಲಿ ತಾಗಿದ ಗಡ್ಡೆ ತಾನೇ ಹೊಸ ಸಿಪ್ಪೆ ಬೆಳೆಸಿ ಗಾಯ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಜೀವಕೋಶ ಒಡೆದು ಹೆಚ್ಚಬೇಕು, ಅಲ್ವಾ? ಮೊಳಕೆ ನಿಲ್ಲಿಸುವ ಕಿರಣ ಅದನ್ನೂ ನಿಲ್ಲಿಸುತ್ತದೆ. ಗಾಯದಿಂದ ಕೊಳೆ ಒಳಹೊಗುತ್ತದೆ. ಅದಕ್ಕೇ ಗಡ್ಡೆಯನ್ನು ಮೊದಲು ಒಂದೆರಡು ವಾರ ಹದಮಾಡಿ, ಅಂದರೆ ಗಾಯ ಮಾಯಲು ಬಿಟ್ಟು, ಆಮೇಲೆ ಕಿರಣ ಹಾಯಿಸಬೇಕು. ಕೆಲವು ತಳಿಗಳು ಬೇಯಿಸಿದ ಮೇಲೆ ಕಪ್ಪಾಗುವುದೂ ಉಂಟು. ಗಡ್ಡೆಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಕಬ್ಬಿಣದ ಜೊತೆ ಸೇರುವುದೇ ಇದಕ್ಕೆ ಕಾರಣ.

ಭಾರತದಲ್ಲಿ ಆಲೂಗಡ್ಡೆ, ಈರುಳ್ಳಿಗೆ 1994ರಲ್ಲೇ ಅನುಮತಿ ಸಿಕ್ಕಿತು. ಮಹಾರಾಷ್ಟ್ರದ ಲಾಸಲ್‌ಗಾಂವ್ ಘಟಕವನ್ನು ಈರುಳ್ಳಿಗಾಗಿ ಕಟ್ಟಿದರು. ನಮ್ಮ ಮಾಲೂರಿನ ಘಟಕ ಹೆಸರಾದದ್ದು ರಫ್ತಿನ ಮಾವಿಗೆ. ಆಲೂಗಡ್ಡೆಗೆ ಮಾತ್ರ ಬಯಲು ಸೀಮೆಯ ಬೇಸಿಗೆಯಲ್ಲಿ ಕಿರಣ ಹಾಯಿಸಿದ ಮೇಲೂ ತಂಪು ಕೋಣೆ ಬೇಕು. ಎರಡು ಖರ್ಚು ಯಾರು ಹೊರುತ್ತಾರೆ? ಇನ್ನು ಹಾಸನದ ರೈತರು ಜಲಂಧರ್‌ನಿಂದ ತರಿಸುವ ಬಿತ್ತನೆ ಗಡ್ಡೆಗಂತೂ ಇದು ಬೇಡವೇ ಬೇಡ, ಅದು ಮೊಳೆಯಲೇಬೇಕು.