ಗೊಬ್ಬರಕ್ಕೆ ಹಾಕಿದ ಅಪ್ಸೆಣಬಿನಿಂದ ನಾರು ತೆಗೆಯಬಹುದಾ?

ಪ್ರಶ್ನೆ: ವರ್ಷವೂ ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಉಳುತ್ತೇವೆ. ಅಜ್ಜ ಇದೇ ಗಿಡದಿಂದ ಹಗ್ಗ ಹೊಸೆಯುತ್ತಿದ್ದರಂತೆ. ಒಂದಷ್ಟು ಉಳದೆ ಬಿಟ್ಟರೆ ನಮಗೂ ನಾರು ಸಿಗುತ್ತದಾ?

ಸಿಗುತ್ತದೆ. ಆದರೆ ಗೊಬ್ಬರದ ಲೆಕ್ಕ ಬೇರೆ, ನಾರಿನ ಲೆಕ್ಕ ಬೇರೆ. ಗೊಬ್ಬರಕ್ಕೆ ಸುಮಾರು 45 ದಿನದ ಎಳೆ ಗಿಡ ಸಾಕು, ಮಣ್ಣಲ್ಲಿ ಬೇಗ ಕರಗುತ್ತದೆ. ನಾರಿಗೆ ಇನ್ನೂ ಅಷ್ಟೇ ದಿನ ಕಾಯಬೇಕು. ಎಳೆಗಾಯಿ ಕಚ್ಚುವಾಗ, ಅಂದರೆ ಸುಮಾರು 90 ದಿನಕ್ಕೆ ಕೊಯ್ಯಿರಿ. ಮುಂಚೆ ಕೊಯ್ದರೆ ನಾರು ನಯವಾಗಿರುತ್ತದೆ, ಬಲ ಇರುವುದಿಲ್ಲ. ಕಾಯಿ ಒಣಗಿ ಒಳಗೆ ಬೀಜ ಗಿಲಗಿಲ ಅನ್ನೋಕೆ ಶುರುವಾದರೆ ತಡವಾಯಿತು, ನಾರು ಒರಟು.

ಬಿತ್ತನೆ ಒತ್ತಾಗಿರಲಿ. ಜಾಗ ಸಿಕ್ಕರೆ ಗಿಡ ಕವಲೊಡೆಯುತ್ತದೆ, ಕವಲಿದ್ದಲ್ಲಿ ನಾರು ತುಂಡಾಗುತ್ತದೆ.

ಕೊಯ್ದ ಮೇಲೆ ಎರಡು ಮೂರು ದಿನ ಹೊಲದಲ್ಲೇ ಬಿಡಿ, ಎಲೆ ಉದುರಲಿ. ಆ ಎಲೆ, ಬೇರಿನ ಗಂಟು ಎರಡೂ ನಿಮ್ಮ ಮಣ್ಣಿಗೇ. ಗೊಬ್ಬರ ಪೂರ್ತಿ ಕೈತಪ್ಪಲಿಲ್ಲ, ಅಲ್ವಾ?

ಇನ್ನು ಕೊಳೆಸುವ ಕೆಲಸ. ಇಡೀ ಕಸುಬು ಇರೋದೇ ಇಲ್ಲಿ. ನಾರು ತೊಗಟೆಯಲ್ಲಿರುತ್ತದೆ. ಪೆಕ್ಟಿನ್ ಎಂಬ ಅಂಟು ಅದನ್ನು ಒಳಗಿನ ಕಡ್ಡಿಗೆ ಹಿಡಿಸಿರುತ್ತದೆ. ನೀರಲ್ಲಿ ಮುಳುಗಿಸಿದರೆ ಬ್ಯಾಕ್ಟೀರಿಯಾಗಳು ಮೊದಲು ಆ ಅಂಟನ್ನು ತಿನ್ನುತ್ತವೆ. ಅದು ಮುಗಿದ ಮೇಲೂ ಬಿಟ್ಟರೆ ನಾರಿಗೇ ಬಾಯಿ ಹಾಕುತ್ತವೆ. ಸೆಕೆ ಇದ್ದರೆ 3ರಿಂದ 5 ದಿನ, ಚಳಿಯಲ್ಲಿ ವಾರವೂ ಆಗಬಹುದು. ಬುಡ ದಪ್ಪ, ತಡವಾಗಿ ಕೊಳೆಯುತ್ತದೆ. ಅದಕ್ಕೇ ಕಟ್ಟುಗಳನ್ನು ಮೊದಲು ಒಂದೆರಡು ದಿನ ಬುಡ ಮಾತ್ರ ನೆನೆಯುವಂತೆ ನಿಲ್ಲಿಸಿ, ಆಮೇಲೆ ಅಡ್ಡ ಮಲಗಿಸಿ ಕಲ್ಲು ಹೇರಿ. ಮಣ್ಣಿನ ಹೆಂಟೆ ಹೇರಿದರೆ ನಾರು ಕಪ್ಪಾಗುತ್ತದೆ. ಮೂರನೇ ದಿನದಿಂದ ದಿನಕ್ಕೊಂದು ಕಡ್ಡಿ ಎಳೆದು ನೋಡುತ್ತಿರಿ. ಬುಡದಲ್ಲಿ ಹಿಡಿದೆಳೆದ ಸಿಪ್ಪೆ ತುದಿವರೆಗೂ ಸಲೀಸಾಗಿ ಬಂತಾ? ಅವತ್ತೇ ತೆಗೆಯಿರಿ, ನಾಳೆ ಅನ್ನಬೇಡಿ. ನಾರು ಬಿಡಿಸಿ, ಒಳ್ಳೆ ನೀರಲ್ಲಿ ಜಾಲಿಸಿ, ಹಗ್ಗದ ಮೇಲೆ ಹರವಿ ಒಣಗಿಸಿ. ಉಳಿದ ಬಿಳಿ ಕಡ್ಡಿ ಒಲೆಗೆ.

ವಾಸನೆ ಬರುತ್ತದೆ, ಸ್ವಲ್ಪ ಜಾಸ್ತಿನೇ. ನೀರಿನ ಆಮ್ಲಜನಕ ಖಾಲಿಯಾಗಿ ಮೀನೂ ಸಾಯುತ್ತವೆ. ಊರ ಕೆರೆಗೆ ಹಾಕಿ ಸುಮ್ನೆ ಜಗಳ ತಂದುಕೊಳ್ಳಬೇಡಿ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಟಾರ್ಪಾಲು ಹಾಸಿ, ಅದರಲ್ಲೇ ಮಾಡಿ.

ಇದರ ಇಂಗ್ಲಿಷ್ ಹೆಸರು ಸನ್ ಹೆಂಪ್. ಅದನ್ನು ಕೇಳಿ ‘ಗಾಂಜಾ ಬೆಳೀತೀರಾ’ ಅಂತ ಯಾರಾದರೂ ಹೆದರಿಸಬಹುದು. ಹೆಸರಲ್ಲಷ್ಟೇ ನೆಂಟಸ್ತಿಕೆ. ಅಪ್ಸೆಣಬು ತೊಗರಿ, ಹುರುಳಿಯ ಕುಟುಂಬದ್ದು. ನಿಜವಾದ ಹೆಂಪ್ ಗಾಂಜಾ ಜಾತಿಯದೇ, ಅಮಲು ತೀರಾ ಕಡಿಮೆ ಇರುವ ತಳಿ ಅಷ್ಟೇ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆ ಇರುವುದರಿಂದ ಅದನ್ನು ಬೆಳೆಯೋಕೆ ಸರ್ಕಾರದ ಅನುಮತಿ ಬೇಕು. ಉತ್ತರಾಖಂಡದಲ್ಲಿ ಅಂಥ ಲೈಸೆನ್ಸ್ ಕೊಟ್ಟಿದ್ದಾರೆ. ನಿಮಗೆ ಅದರ ಗೊಡವೆ ಇಲ್ಲ.

ಎಷ್ಟು ಬಿಡಬೇಕು? ನನ್ನ ಕೇಳಿದರೆ ಮೊದಲ ಸಲ ಎರಡು ಗುಂಟೆ. ನೂರು ಕಿಲೋ ಹಸಿ ಕಡ್ಡಿಗೆ ಒಣ ನಾರು ಬರೋದು ಕೆಲವೇ ಕಿಲೋ. ಮಾರಿ ದುಡ್ಡು ಮಾಡುವ ಆಸೆ ಬೇಡ, ಮನೆಯ ದನ ಕಟ್ಟುವ ಹಗ್ಗಕ್ಕೆ, ಬಾವಿ ಹಗ್ಗಕ್ಕೆ ನೋಡಿ. ಹಾಂ, ಬೀಜ ಕಟ್ಟಿದ ಗಿಡವನ್ನು ಮಾತ್ರ ಆ ದನದ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಬೀಜದಲ್ಲಿ ವಿಷ ಇದೆ.