ಐಎಫ್‌ಕಾನ್ಫಿಗ್‌ನಿಂದ ಐಪಿವರೆಗೆ: ಲಿನಕ್ಸ್ ನೆಟ್‌ವರ್ಕ್ ಕಮಾಂಡ್‌ಗಳ ಹೆಸರಿನ ಕಥೆ

ಬಳ್ಳಾರಿಯ ಕಾಲೇಜು ಲ್ಯಾಬ್‌ಗಳಲ್ಲಿ ನೆಟ್‌ವರ್ಕ್ ನೋಡು ಅಂದರೆ ಹುಡುಗರ ಕೈ ಈಗಲೂ ಹೋಗುವುದು ಐಎಫ್‌ಕಾನ್ಫಿಗ್ ಎಂಬ ಹಳೆಯ ಕಮಾಂಡ್ ಕಡೆಗೇ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ ಬರುವುದಿಲ್ಲ. ಅಂಥ ಕಮಾಂಡ್ ಇಲ್ಲ ಎನ್ನುತ್ತದೆ ಸ್ಕ್ರೀನು. ಹುಡುಗರ ತಪ್ಪೇನೂ ಇಲ್ಲ, ಸೀನಿಯರ್‌ಗಳ ರೆಕಾರ್ಡ್ ಬುಕ್‌ನಲ್ಲಿ ಇರುವುದೇ ಆ ಹೆಸರು.

ಐಎಫ್‌ಕಾನ್ಫಿಗ್ ಬಂದದ್ದು 1983ರಲ್ಲಿ, 4.2ಬಿಎಸ್‌ಡಿ ಯುನಿಕ್ಸ್ ಜೊತೆ. ಆ ಕಾಲದಲ್ಲಿ ಕೆಲಸಕ್ಕೊಂದು ಕಮಾಂಡ್. ಯಂತ್ರ ನೆಟ್‌ವರ್ಕ್‌ಗೆ ಸೇರುವ ಜಾಗ, ಅಂದರೆ ಇಂಟರ್‌ಫೇಸ್‌ಗೆ ಐಎಫ್‌ಕಾನ್ಫಿಗ್, ದಾರಿ ತೋರಿಸಲು ರೂಟ್, ಪಕ್ಕದ ಯಂತ್ರಗಳ ಪಟ್ಟಿಗೆ ಆರ್ಪ್. ಒಂದೊಂದರ ವರಸೆ ಒಂದೊಂದು ಥರ.

1999ರ ಲಿನಕ್ಸ್ 2.2 ಹೊತ್ತಿಗೆ ಅದರ ತಿರುಳಾದ ಕರ್ನಲ್‌ನ ನೆಟ್‌ವರ್ಕ್ ಭಾಗವೇ ಬೇರೆಯಾಗಿತ್ತು. ಅದಕ್ಕೆ ತಕ್ಕಂತೆ ಅಲೆಕ್ಸಿ ಕುಜ್ನೆತ್ಸೋವ್ ಐಪಿರೂಟ್2 ಎಂಬ ಟೂಲ್‌ಗಳ ಕಟ್ಟು ಬರೆದರು. ಈ ಮೂರೂ ಕೆಲಸಕ್ಕೆ ಐಪಿ ಎಂಬ ಒಂದೇ ಕಮಾಂಡ್. ಯಾವುದರ ಮೇಲೆ ಕೆಲಸ ಅಂತ ಮೊದಲು, ಏನು ಕೆಲಸ ಅಂತ ಆಮೇಲೆ: ಐಪಿ ಅಡ್ರೆಸ್ ಆ್ಯಡ್, ಐಪಿ ರೂಟ್ ಡಿಲೀಟ್. ಒಂದು ಕಲಿತರೆ ಇನ್ನೊಂದು ಊಹೆಗೆ ಸಿಗುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಇದರಲ್ಲಿ ಪದದ ಮೊದಲಕ್ಷರ ಹೊಡೆದರೂ ಸಾಕು. 'ಐಪಿ ಆರ್' ಅಂದರೆ ರೂಟ್. ದಾರಿ ಆರಿಸುವ ನಿಯಮಗಳಿಗಿರುವ ರೂಲ್ ಕೂಡ ಆರ್‌ನಿಂದಲೇ ಶುರು, ಅಲ್ವಾ? ಪ್ರೋಗ್ರಾಮಿನ ಒಳಗಿನ ಪಟ್ಟಿಯಲ್ಲಿ ರೂಟ್ ಮೊದಲಿದೆ, ಅದಕ್ಕೇ ಅದು ಗೆಲ್ಲುತ್ತದೆ. ದಿನವಿಡೀ ಟೈಪ್ ಮಾಡುವವರಿಗೆ ಇದು ಸುಖ, ಬೇರೆಯವರು ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್ ಓದುವವರಿಗೆ ಕಷ್ಟ.

ಜಾಸ್ತಿ ಗೊಂದಲ ಇರುವುದು ಕ್ರಿಯಾಪದಗಳಲ್ಲಿ. ರೂಟ್‌ಗೆ ಆ್ಯಡ್, ಚೇಂಜ್, ರಿಪ್ಲೇಸ್ ಮೂರೂ ಇವೆ. ಇಲ್ಲದ್ದನ್ನು ಸೇರಿಸಲು ಆ್ಯಡ್, ಇರುವುದನ್ನು ಬದಲಿಸಲು ಚೇಂಜ್, ಇದ್ದರೆ ಬದಲಿಸಿ ಇಲ್ಲದಿದ್ದರೆ ಸೇರಿಸಲು ರಿಪ್ಲೇಸ್. ಈಗಾಗಲೇ ಇರುವ ರೂಟನ್ನೇ ಮತ್ತೆ ಆ್ಯಡ್ ಮಾಡಿದರೆ 'ಫೈಲ್ ಎಕ್ಸಿಸ್ಟ್ಸ್' ಎಂಬ ಉತ್ತರ ಬರುತ್ತದೆ. ಫೈಲ್ ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಕರ್ನಲ್ ಕಳಿಸುವುದು ಒಂದು ಎರರ್ ನಂಬರ್ ಮಾತ್ರ. ಫೈಲ್‌ಗಳಿಗೆಂದು ಆ ನಂಬರಿಗೆ ಇಟ್ಟ ಹಳೆಯ ವಾಕ್ಯವನ್ನೇ ಟೂಲ್ ತೋರಿಸುತ್ತದೆ. ಹೊಸಬರು ಇಲ್ಲದ ಫೈಲನ್ನು ಹುಡುಕುತ್ತಾ ಕೂರುತ್ತಾರೆ.

ಇದನ್ನೆಲ್ಲ ಈಗ ಬದಲಿಸುವುದು ಸುಲಭವಲ್ಲ. ಒಮ್ಮೆ ಹೊರಬಿದ್ದ ಹೆಸರನ್ನು ಎಷ್ಟೋ ಸರ್ವರ್‌ಗಳ ಸ್ಕ್ರಿಪ್ಟ್‌ಗಳು ನಂಬಿಕೊಂಡಿರುತ್ತವೆ. ನಮ್ಮ ಲ್ಯಾಬ್ ಮ್ಯಾನ್ಯುಯಲ್ ಬರೆಯುವ ಮೇಷ್ಟ್ರುಗಳಲ್ಲಿ ಒಂದೇ ಬೇಡಿಕೆ: 'ಐಪಿ ಎ' ಅಂತ ಬಿಡದೆ, 'ಐಪಿ ಅಡ್ರೆಸ್ ಶೋ' ಅಂತ ಪೂರ್ತಿ ಬರೆಯಿರಿ.